ಚಳಿನಾಡಿನ ತೋಟದಲ್ಲಿ ನಮ್ಮ ಬಾಳೆ, ಕೆಸು



ನಮ್ಮ ಕಾಸರಗೋಡಿನಲ್ಲಿ ಬಾಳೆಗೆ ಯಾರೂ ಕಂಬಳಿ ಹೊದೆಸುವುದಿಲ್ಲ. ಒಂದು ಕಂದು ತಂದು ನೆಟ್ಟರೆ ಸಾಕು, ಅದು ತಾನಾಗಿ ಹಿಂಡು ಕಟ್ಟುತ್ತದೆ. ಬಚ್ಚಲಿನ ನೀರು ಹರಿದು ಹೋಗುವಲ್ಲಿ ಕೆಸು ಹಬ್ಬಿಕೊಂಡಿರುತ್ತದೆ. ಪತ್ರೊಡೆ ಮಾಡುವ ದಿನ ಮಾತ್ರ ಅದರ ನೆನಪಾಗುತ್ತದೆ. ಅಂಗಳದ ಬದಿಯ ಕಾಬಾಳೆಯಂತೂ ಕಡಿದಷ್ಟೂ ಚಿಗುರುತ್ತದೆ.

ಇದೇ ಗಿಡಗಳನ್ನು ಇಂಗ್ಲೆಂಡಿನಲ್ಲಿ ಹಣ ಕೊಟ್ಟು ಕೊಂಡು ತರುತ್ತಾರೆ. ಬೇಸಗೆಯ ನಾಲ್ಕೈದು ತಿಂಗಳು ಅವುಗಳ ಅಗಲವಾದ ಎಲೆಗಳನ್ನು ಕಂಡು ಸಂತೋಷಪಡುತ್ತಾರೆ. ಚಳಿಗಾಲದ ಮುನ್ಸೂಚನೆ ಬಂದೊಡನೆ ಒಂದಕ್ಕೆ ಹುಲ್ಲಿನ ಹೊದಿಕೆ, ಇನ್ನೊಂದಕ್ಕೆ ಮರಳಿನ ಪೆಟ್ಟಿಗೆ, ಮತ್ತೊಂದಕ್ಕೆ ಗಾಜಿನ ಮನೆ ಎಂದು ಏರ್ಪಾಡು ಮಾಡುತ್ತಾರೆ. ಈ ಕೆಲಸವನ್ನು ಸರಿಯಾಗಿ ಮಾಡದಿದ್ದರೆ ವರ್ಷವಿಡೀ ಬೆಳೆಸಿದ ತೋಟ ಒಂದೇ ರಾತ್ರಿಯಲ್ಲಿ ಬೆಂದ ಸೊಪ್ಪಿನಂತೆ ಕಪ್ಪಾಗಿ ಬೀಳುತ್ತದೆ.

ಕನ್ನಡ ಪಾಠ ಹೇಳುವವರಿಗೆ ತೋಟದ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಈ ವಿದ್ಯೆಯ ಬೀಗಕ್ಕೆ ಕೀಲಿಕೈ ನಮ್ಮ ಮನೆಮಾತಿನ ಎರಡು ಶಬ್ದಗಳಲ್ಲಿಯೇ ಇದೆ: ಒಂದು ಸುಳಿ, ಇನ್ನೊಂದು ಗೆಡ್ಡೆ. ಇವೆರಡರ ಅರ್ಥವನ್ನು ಚೆನ್ನಾಗಿ ತಿಳಿದವನಿಗೆ ಉಳಿದ ಪಾಠ ಸುಲಭ.

ಈ ಹವ್ಯಾಸ ಬೆಳೆದ ಬಗೆ

ಬಿಸಿನಾಡಿನ ಗಿಡಗಳನ್ನು ಚಳಿನಾಡಿನಲ್ಲಿ ಸಾಕುವ ಆಸೆ ಹಳೆಯದು. ಫ್ರಾನ್ಸಿನ ವರ್ಸೇಲ್ಸ್ ಅರಮನೆಯಲ್ಲಿ 1684ರಿಂದ 1686ರ ವರೆಗೆ ಕಿತ್ತಳೆ ಗಿಡಗಳಿಗೆಂದೇ ಒಂದು ದೊಡ್ಡ ಕಲ್ಲಿನ ಮನೆಯನ್ನು ಕಟ್ಟಿಸಿದರು. ಗಿಡಗಳು ಮರದ ಪೆಟ್ಟಿಗೆಗಳಲ್ಲಿ ಬೆಳೆಯುತ್ತಿದ್ದವು. ಬೇಸಗೆಯಲ್ಲಿ ಅವುಗಳನ್ನು ಹೊರಗೆ ಸಾಲಾಗಿ ಇಡುವುದು, ಚಳಿಗಾಲಕ್ಕೆ ಒಳಗೆ ಸೇರಿಸುವುದು ಅಲ್ಲಿನ ಪದ್ಧತಿ. ಅದು ಇಂದಿಗೂ ನಡೆದುಬಂದಿದೆ. ಲಂಡನ್ನಿನ ಕ್ಯೂ ಉದ್ಯಾನದಲ್ಲಿ 1844ರಿಂದ 1848ರ ಅವಧಿಯಲ್ಲಿ ಕಬ್ಬಿಣ ಮತ್ತು ಗಾಜಿನಿಂದ ತಾಳೆ ಜಾತಿಯ ಮರಗಳಿಗಾಗಿ ಭವ್ಯವಾದ ಮನೆಯೊಂದು ಎದ್ದಿತು.

ಇವೆಲ್ಲ ಅರಸರ, ಸರಕಾರದ ಕೆಲಸಗಳಾದವು. ಬಯಲಿನಲ್ಲಿಯೇ, ಜನಸಾಮಾನ್ಯರು ನೋಡುವಂತೆ ಇಂತಹ ತೋಟ ಮಾಡಿದವರಲ್ಲಿ ಜಾನ್ ಗಿಬ್ಸನ್ ಮುಖ್ಯನು. ಈತ 1835ರಲ್ಲಿ ಭಾರತಕ್ಕೆ ಬಂದು ಖಾಸಿ ಬೆಟ್ಟಗಳಲ್ಲಿ ಸೀತಾಳೆ ಗಿಡಗಳನ್ನು ಸಂಗ್ರಹಿಸಿ ಮರಳಿದವನು. 1860ರ ದಶಕದಲ್ಲಿ ಲಂಡನ್ನಿನ ಬ್ಯಾಟರ್‌ಸೀ ಉದ್ಯಾನದಲ್ಲಿ ಬಾಳೆ, ಕಾಬಾಳೆ ಮುಂತಾದ ದೊಡ್ಡ ಎಲೆಯ ಗಿಡಗಳನ್ನು ಬೇಸಗೆಯಲ್ಲಿ ಹೊರಗೆ ನೆಟ್ಟು ತೋರಿಸಿದನು. ನಮ್ಮ ಕಾಲಕ್ಕೆ ಸಮೀಪದ ಉದಾಹರಣೆಯೆಂದರೆ, 1993ರಲ್ಲಿ ಗ್ರೇಟ್ ಡಿಕ್ಸ್‌ಟರ್ ಎಂಬಲ್ಲಿ ಕ್ರಿಸ್ಟೋಫರ್ ಲಾಯ್ಡ್ ಎಂಬ ಪ್ರಸಿದ್ಧ ತೋಟಗಾರನು ತನ್ನ ಹಳೆಯ ಗುಲಾಬಿ ತೋಟವನ್ನು ತೆಗೆಸಿ ಆ ಜಾಗದಲ್ಲಿ ಬಾಳೆ, ಕಾಬಾಳೆ, ಡೇಲಿಯಾಗಳನ್ನು ನೆಡಿಸಿದ್ದು.

ಚಳಿ ಗಿಡವನ್ನು ಕೊಲ್ಲುವ ಬಗೆ

ಲಂಡನ್ ಉತ್ತರ ಅಕ್ಷಾಂಶ ಐವತ್ತೊಂದೂವರೆ ಡಿಗ್ರಿಯಲ್ಲಿದೆ. ನಾವು ಹನ್ನೆರಡೂವರೆ ಡಿಗ್ರಿಯಲ್ಲಿದ್ದೇವೆ. ಡಿಸೆಂಬರ್ ತಿಂಗಳ ಅತಿ ಚಿಕ್ಕ ಹಗಲು ನಮಗೆ ಸುಮಾರು ಹನ್ನೊಂದೂವರೆ ಗಂಟೆಯಾದರೆ ಅಲ್ಲಿ ಎಂಟು ಗಂಟೆಯೂ ಇಲ್ಲ. ಜನವರಿಯಲ್ಲಿ ಅಲ್ಲಿನ ರಾತ್ರಿಯ ಉಷ್ಣತೆ ಸರಾಸರಿ ಎರಡು ಮೂರು ಡಿಗ್ರಿ ಸೆಲ್ಸಿಯಸ್. ಎಷ್ಟೋ ರಾತ್ರಿ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ಹೀಗೆ ಬೆಳಕೂ ಕಡಿಮೆ, ಬಿಸಿಯೂ ಕಡಿಮೆ.

ಚಳಿಯ ಪೆಟ್ಟು ಎರಡು ಬಗೆ. ಮೊದಲನೆಯದು ನೀರು ಹೆಪ್ಪುಗಟ್ಟುವ ಮೊದಲೇ ಬೀಳುವ ಪೆಟ್ಟು. ಬಿಸಿನಾಡಿನ ಅನೇಕ ಗಿಡಗಳ ಜೀವಕೋಶದ ತೆಳುಪೊರೆ ಸುಮಾರು ಹತ್ತು ಹನ್ನೆರಡು ಡಿಗ್ರಿಗಿಂತ ಕೆಳಗೆ ತನ್ನ ಕೆಲಸವನ್ನು ಸರಿಯಾಗಿ ಮಾಡಲಾರದು. ಫ್ರಿಜ್ಜಿನಲ್ಲಿಟ್ಟ ಬಾಳೆಹಣ್ಣಿನ ಸಿಪ್ಪೆ ಕಪ್ಪಾಗುವುದನ್ನು ನೀವು ಕಂಡಿರಬಹುದು. ಅಲ್ಲಿ ಮಂಜುಗಡ್ಡೆಯಾಗಿಲ್ಲ, ಆದರೂ ಪೊರೆ ಕೆಟ್ಟಿತು. ಹಡಗಿನಲ್ಲಿ ಬಾಳೆಕಾಯಿ ಸಾಗಿಸುವವರು ಸುಮಾರು 13 ಡಿಗ್ರಿಯನ್ನು ಕಾಯ್ದುಕೊಳ್ಳುವುದು ಇದೇ ಕಾರಣದಿಂದ.

ಎರಡನೆಯದು ಹೆಪ್ಪುಗಟ್ಟುವಿಕೆ. ಉಷ್ಣತೆ ಸೊನ್ನೆಗಿಂತ ಕೆಳಗಿಳಿದಾಗ ಮೊದಲು ಜೀವಕೋಶಗಳ ನಡುವಿನ ನೀರು ಮಂಜುಗಡ್ಡೆಯಾಗುತ್ತದೆ. ಅದು ಕೋಶದ ಒಳಗಿನ ನೀರನ್ನು ಹೊರಕ್ಕೆ ಸೆಳೆಯುತ್ತದೆ. ಕೋಶ ಒಣಗಿ ಕುಗ್ಗುತ್ತದೆ. ಚಳಿ ಇನ್ನೂ ಬಲವಾದರೆ ಕೋಶದ ಒಳಗೇ ಹರಳುಗಳುಂಟಾಗಿ ಪೊರೆ ಹರಿಯುತ್ತದೆ. ಬೆಳಿಗ್ಗೆ ಬಿಸಿಲು ಬಿದ್ದು ಮಂಜು ಕರಗಿದಾಗ ಎಲೆ ನೀರೊಡೆದು ಜೋತುಬೀಳುತ್ತದೆ. ಚಳಿನಾಡಿನ ಮರಗಳಾದರೋ ಹಗಲು ಚಿಕ್ಕದಾಗುವುದನ್ನೂ ಗಾಳಿ ತಣ್ಣಗಾಗುವುದನ್ನೂ ಅರಿತು, ಕೋಶಗಳಲ್ಲಿ ಸಕ್ಕರೆಯನ್ನು ಕೂಡಿಟ್ಟು, ಎಲೆ ಉದುರಿಸಿ ಮುಂಚಿತವಾಗಿಯೇ ಸಿದ್ಧವಾಗುತ್ತವೆ. ನಮ್ಮ ಬಾಳೆಗೆ ಆ ಪಾಠ ಗೊತ್ತಿಲ್ಲ. ಅದು ಕೊನೆಯ ದಿನದ ವರೆಗೂ ಎಲೆ ಬಿಡುತ್ತಲೇ ಇರುತ್ತದೆ. ಆದ್ದರಿಂದ ಸಿದ್ಧತೆಯ ಹೊಣೆ ತೋಟಗಾರನದು.

ಹೆಪ್ಪುಮಂಜನ್ನು ಕಾಣಲು ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ. ನೀಲಗಿರಿಯ ಉದಕಮಂಡಲದಲ್ಲಿ ಡಿಸೆಂಬರ್, ಜನವರಿಯ ಮುಂಜಾವಿನಲ್ಲಿ ಹುಲ್ಲೆಲ್ಲ ಸುಣ್ಣ ಚೆಲ್ಲಿದಂತೆ ಬೆಳ್ಳಗಾಗಿರುತ್ತದೆ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ಭೂಮಿಯ ಶಾಖ ತಡೆಯಿಲ್ಲದೆ ಆಕಾಶಕ್ಕೆ ಹೊರಟುಹೋಗುತ್ತದೆ. ತಣ್ಣನೆಯ ಗಾಳಿ ಭಾರವಾದ್ದರಿಂದ ನೀರಿನಂತೆ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಆದುದರಿಂದ ತಗ್ಗಿನ ಗಿಡ ಸುಟ್ಟಂತಾದರೂ ಇಳಿಜಾರಿನ ಗಿಡ ಉಳಿಯುವುದುಂಟು. ಅಲ್ಲಿ ಎಳೆಯ ಚಹಾ ಗಿಡಗಳನ್ನು ಸೊಪ್ಪು, ಹುಲ್ಲುಗಳಿಂದ ಮುಚ್ಚಿ ಕಾಯುತ್ತಾರೆ. ಇಂಗ್ಲೆಂಡಿನ ತೋಟಗಾರನು ಕೋಮಲವಾದ ಗಿಡಗಳಿಗೆ ತಗ್ಗನ್ನು ಬಿಟ್ಟು, ದಕ್ಷಿಣಕ್ಕೆ ಮುಖವಾದ ಗೋಡೆಯ ಬದಿಯನ್ನು ಆರಿಸುವುದೂ ಇದೇ ತತ್ತ್ವದ ಮೇಲೆ. ಹಗಲು ಬಿಸಿಲಿಗೆ ಕಾದ ಗೋಡೆ ರಾತ್ರಿ ಶಾಖವನ್ನು ಬಿಟ್ಟುಕೊಡುತ್ತದೆ.

ಜೀವ ಎಲ್ಲಿದೆ?

ಈಗ ಮುಖ್ಯವಾದ ಪ್ರಶ್ನೆ. ಇಡೀ ಗಿಡವನ್ನು ಕಾಯಲು ಸಾಧ್ಯವಿಲ್ಲ. ಹಾಗಾದರೆ ಯಾವುದನ್ನು ಕಾಯಬೇಕು, ಯಾವುದನ್ನು ಬಿಡಬೇಕು?

ತೆಂಗಿನ ಮರವನ್ನು ನೋಡಿರಿ. ಅದಕ್ಕೆ ಇರುವುದು ಒಂದೇ ಸುಳಿ, ಅದೂ ಮರದ ತುದಿಯಲ್ಲಿ. ಹತ್ತು ಮಡಲು ಬಿದ್ದರೂ ಮರ ಬದುಕುತ್ತದೆ. ಸುಳಿ ಕೊಳೆತರೆ ಬುಡಕ್ಕೆ ಎಷ್ಟು ಗೊಬ್ಬರ ಹಾಕಿದರೂ ಮರ ಉಳಿಯದು. ಇದು ನಮ್ಮ ಊರಿನ ಮಕ್ಕಳಿಗೆಲ್ಲ ಗೊತ್ತು. ಬಾಳೆಯ ರೀತಿ ಬೇರೆ. ನಾವು ಕಾಂಡವೆಂದು ಕರೆಯುವುದು ನಿಜವಾಗಿ ಎಲೆಗಳ ತೊಟ್ಟುಗಳು ಒಂದರೊಳಗೊಂದು ಸುತ್ತಿಕೊಂಡ ಕಂಬ ಮಾತ್ರ. ನಿಜವಾದ ಕಾಂಡ ಮಣ್ಣಿನೊಳಗಿನ ಗೆಡ್ಡೆ. ಗೊನೆ ಹಾಕುವ ಕಾಲ ಬರುವ ತನಕ ಸುಳಿಯ ಬುಡ ಅಲ್ಲಿಯೇ, ನೆಲದ ಮಟ್ಟದಲ್ಲಿಯೇ ಇರುತ್ತದೆ. ಅದರ ಸುತ್ತ ಕಂದುಗಳ ಕಣ್ಣುಗಳೂ ಇರುತ್ತವೆ. ಮೇಲಿನದೆಲ್ಲ ಹೋದರೂ ಗೆಡ್ಡೆ ಉಳಿದರೆ ಬಾಳೆ ಉಳಿಯಿತು.

ಇಂಗ್ಲೆಂಡಿನ ಬಯಲಿನಲ್ಲಿ ಬಾಳೆ ಬದುಕುತ್ತದೆ, ತೆಂಗು ಬದುಕುವುದಿಲ್ಲ ಎಂಬುದಕ್ಕೆ ಒಂದು ಕಾರಣ ಇಲ್ಲಿದೆ. ಗೆಡ್ಡೆಯನ್ನು ನೆಲವೇ ಹೊದೆಸಿ ಕಾಯುತ್ತದೆ. ದಕ್ಷಿಣ ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಮೇಲಿನ ಕೆಲವು ಅಂಗುಲ ಮಣ್ಣು ಮಾತ್ರ ಹೆಪ್ಪುಗಟ್ಟುತ್ತದೆ. ಅದರ ಕೆಳಗೆ ಬೇಸಗೆಯ ಶಾಖ ಉಳಿದಿರುತ್ತದೆ. ಎತ್ತರದ ಸುಳಿಗೆ ಅಂತಹ ಆಸರೆ ಇಲ್ಲ.

2010ರ ಡಿಸೆಂಬರ್ ಬ್ರಿಟನ್ನಿನಲ್ಲಿ ನೂರು ವರ್ಷಗಳಲ್ಲಿಯೇ ಅತ್ಯಂತ ಚಳಿಯ ಡಿಸೆಂಬರ್ ಆಗಿತ್ತು. ನ್ಯೂಜಿಲೆಂಡಿನಿಂದ ತಂದು ಬೆಳೆಸಿದ ಕಾರ್ಡಿಲೈನ್ ಎಂಬ ತಾಳೆಯಂತಹ ಗಿಡಗಳು ಊರೂರುಗಳಲ್ಲಿ ಸುಳಿ ಕೊಳೆತು ನಿಂತವು. ಸತ್ತವೆಂದು ಹಲವರು ಅವುಗಳನ್ನು ಅಗೆದು ಎಸೆದರು. ತಾಳ್ಮೆಯಿಂದ ಕಾದ ಎಷ್ಟೋ ತೋಟಗಳಲ್ಲಿ ಬುಡದಿಂದ ಹೊಸ ಚಿಗುರು ಬಂತು. ಮೇಲೆ ಕಾಣುವುದಷ್ಟನ್ನೇ ನೋಡಿ ತೀರ್ಮಾನ ಮಾಡಬಾರದೆಂಬುದಕ್ಕೆ ಇದು ಸಾಕ್ಷಿ.

ಸಿದ್ಧತೆಯ ಕ್ರಮ

ಸಿದ್ಧತೆ ಚಳಿಯ ದಿನ ಆರಂಭವಾಗುವುದಲ್ಲ. ಆಗಸ್ಟ್ ಕೊನೆಗೇ ಸಾರಜನಕದ ಗೊಬ್ಬರ ನಿಲ್ಲಿಸುತ್ತಾರೆ. ಆ ಮೇಲೆ ಬರುವ ಎಳೆಚಿಗುರು ನೀರು ತುಂಬಿ ಮೆತ್ತಗಿರುವುದರಿಂದ ಮೊದಲ ಚಳಿಗೇ ಬಲಿಯಾಗುತ್ತದೆ. ಸೆಪ್ಟೆಂಬರಿನಲ್ಲಿ ಹುಲ್ಲು, ಗೋಣಿ, ಒಣ ಎಲೆ, ಮರಳು ಇವುಗಳನ್ನು ಕೂಡಿಡುತ್ತಾರೆ. ಅನಂತರ ಗಿಡಗಳನ್ನು ಮೂರು ಪಂಗಡ ಮಾಡುತ್ತಾರೆ.

1. ನೆಲದಲ್ಲಿಯೇ ಬಿಡುವ ಗಿಡಗಳು: ಇವುಗಳಲ್ಲಿ ಪ್ರಮುಖವಾದದ್ದು ದಕ್ಷಿಣ ಚೀನದ ಮೂಲದ, ಆದರೆ ಜಪಾನಿನ ಬಾಳೆಯೆಂದೇ ಹೆಸರಾದ ಒಂದು ಜಾತಿ. ಅದರ ಕಾಯಿ ತಿನ್ನಲು ಬಾರದು. ಚಳಿಯನ್ನು ತಡೆಯುವ ಶಕ್ತಿ ಮಾತ್ರ ಬಾಳೆಗಳಲ್ಲೆಲ್ಲ ಹೆಚ್ಚು. ಸಾಹಿತ್ಯದ ವಿದ್ಯಾರ್ಥಿಗಳು ಇದನ್ನು ನೆನಪಿಡಬೇಕು. 1681ರಲ್ಲಿ ಜಪಾನಿನ ಕವಿಯೊಬ್ಬನ ಗುಡಿಸಲಿನ ಬಳಿ ನೆಡಲೆಂದು ಶಿಷ್ಯನೊಬ್ಬ ಈ ಜಾತಿಯ ಗಿಡ ತಂದುಕೊಟ್ಟನು. ಅಲ್ಲಿನ ಭಾಷೆಯಲ್ಲಿ ಅದರ ಹೆಸರು ಬಾಶೋ. ಕವಿ ಆ ಹೆಸರನ್ನೇ ತನ್ನ ಕಾವ್ಯನಾಮ ಮಾಡಿಕೊಂಡು ಜಗತ್ಪ್ರಸಿದ್ಧನಾದನು.

ಈ ಬಾಳೆಯ ಎಲೆಗಳನ್ನು ಮೊದಲ ಹೆಪ್ಪುಮಂಜು ಕಪ್ಪಾಗಿಸುವ ತನಕ ಬಿಟ್ಟು, ಬಳಿಕ ಕತ್ತರಿಸುತ್ತಾರೆ. ಕಂಬವನ್ನು ಕಡಿಯುವುದಿಲ್ಲ. ಅದರ ಸುತ್ತ ಕೋಳಿಗೂಡಿನ ತಂತಿಬಲೆಯನ್ನು ನಿಲ್ಲಿಸಿ, ನಡುವಿನ ಜಾಗಕ್ಕೆ ಒಣಹುಲ್ಲು ತುಂಬಿಸಿ, ಮೇಲೆ ಮಳೆನೀರು ಇಳಿಯದಂತೆ ಮುಚ್ಚುತ್ತಾರೆ. ಬುಡಕ್ಕೆ ಒಂದು ಗೇಣಿನಷ್ಟು ದಪ್ಪ ತರಗೆಲೆ ಅಥವಾ ಮರದ ತೊಗಟೆಯ ಚೂರು ಹರಡುತ್ತಾರೆ. ಗೆಡ್ಡೆಯೇ ಜೀವವಾದರೆ ಕಂಬವನ್ನೇಕೆ ಕಾಯಬೇಕು? ಕಂಬ ಉಳಿದರೆ ಮುಂದಿನ ವರ್ಷ ಗಿಡ ಆ ಎತ್ತರದಿಂದಲೇ ಬೆಳೆಯಲು ತೊಡಗುತ್ತದೆ. ಅದು ಹೋದರೆ ನೆಲದಿಂದ ಪುನಃ ಆರಂಭಿಸಬೇಕು. ಅಂದರೆ ಬುಡದ ಹೊದಿಕೆ ಪ್ರಾಣ ಉಳಿಸಲು, ಕಂಬದ ಹೊದಿಕೆ ಒಂದು ವರ್ಷದ ಬೆಳವಣಿಗೆ ಉಳಿಸಲು.

ಆಸ್ಟ್ರೇಲಿಯದಿಂದ ಬಂದ ಮರಜರಿಗಿಡಕ್ಕೆ ತೆಂಗಿನಂತೆ ಸುಳಿ ತುದಿಯಲ್ಲಿದೆ. ಅದಕ್ಕೆ ತುದಿಯ ಕುಳಿಗೇ ಹುಲ್ಲು ತುಂಬಿ, ಎಲೆಗಳನ್ನು ಮೇಲೆ ಮಡಚಿ ಕಟ್ಟುತ್ತಾರೆ.

2. ಅಗೆದು ತೆಗೆಯುವ ಗಿಡಗಳು: ಕಾಬಾಳೆ, ಕೆಸು, ಡೇಲಿಯಾ ಈ ಪಂಗಡದವು. ಡೇಲಿಯಾ ಎಂದರೆ ಮಲೆನಾಡಿನವರ ಡೇರೆ ಹೂ. ಅದರ ತವರು ಮೆಕ್ಸಿಕೊ. ಎಲೆ ಕಪ್ಪಾದ ಮೇಲೆ ದಂಟನ್ನು ಒಂದು ಗೇಣು ಬಿಟ್ಟು ಕತ್ತರಿಸಿ, ಗೆಡ್ಡೆಗೆ ಗಾಯವಾಗದಂತೆ ದೂರದಿಂದ ಅಗೆದು ಎತ್ತುತ್ತಾರೆ. ಡೇಲಿಯಾದ ದಂಟು ಟೊಳ್ಳು. ಅದರಲ್ಲಿ ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ. ಅದಕ್ಕಾಗಿ ಕೆಲವು ವಾರ ತಲೆಕೆಳಗಾಗಿ ಇಟ್ಟು ನೀರಿಳಿಸಿ, ಆಮೇಲೆ ಒಣ ಮರಳಿನಲ್ಲಿ ಹೂಳುತ್ತಾರೆ. ಕಾಬಾಳೆಯ ಗೆಡ್ಡೆಯನ್ನು ಹಾಗೆ ಪೂರ್ತಿ ಒಣಗಿಸಬಾರದು. ಅದಕ್ಕೆ ತುಸು ಪಸೆ ಇರಬೇಕು. ಇದಕ್ಕೆ ಈಚಿನ ವರ್ಷಗಳಲ್ಲಿ ತೆಂಗಿನ ನಾರಿನ ಪುಡಿಯನ್ನು ಬಳಸುವವರು ಅಲ್ಲಿ ಬಹಳ. ನಮ್ಮ ತೆಂಗು ಅಲ್ಲಿನ ಬಯಲಿನಲ್ಲಿ ಬೆಳೆಯದಿದ್ದರೂ ಅದರ ನಾರು ಅಲ್ಲಿ ಕಾಬಾಳೆಗೆ ಹಾಸಿಗೆಯಾಗಿದೆ! ಪೆಟ್ಟಿಗೆಯನ್ನು ಹೆಪ್ಪುಗಟ್ಟದ, ಆದರೆ ಬಿಸಿಯೂ ಅಲ್ಲದ ಜಾಗದಲ್ಲಿ ಇಡಬೇಕು. ಬಿಸಿ ಹೆಚ್ಚಾದರೆ ಗೆಡ್ಡೆ ಅಕಾಲದಲ್ಲಿ ಮೊಳೆತು ಸೊರಗುತ್ತದೆ.

3. ಒಳಗೆ ತರುವ ಗಿಡಗಳು: ದಾಸವಾಳ, ಕಾಗದದ ಹೂ ಮೊದಲಾದವನ್ನು ಕುಂಡದಲ್ಲಿಯೇ ಬೆಳೆಸಿ ಗಾಜಿನ ಮನೆಗೋ ಕಿಟಕಿಯ ಬಳಿಗೋ ತರುತ್ತಾರೆ. ಆಫ್ರಿಕದ ಕೆಂಪು ಎಲೆಯ ಬಾಳೆಯೂ ಇದೇ ಪಂಗಡಕ್ಕೆ ಸೇರಿದ್ದು. ಇದು ನಮ್ಮ ಪಶ್ಚಿಮ ಘಟ್ಟದ ಕಲ್ಲುಬಾಳೆಯ ಹತ್ತಿರದ ನೆಂಟ. ಈ ಕುಲದ ಬಾಳೆಗಳು ಸಾಮಾನ್ಯವಾಗಿ ಕಂದು ಹಾಕುವುದಿಲ್ಲ. ಇರುವ ಒಂದು ಸುಳಿ ಹೋದರೆ ಎಲ್ಲ ಹೋಯಿತು. ಆದ್ದರಿಂದ ಮಂಜು ಬೀಳುವ ಮೊದಲೇ ಅಗೆದು, ದೊಡ್ಡ ಎಲೆಗಳನ್ನು ಕತ್ತರಿಸಿ, ನೀರು ಬಸಿದು, ಮುಂದಿನ ವಸಂತದ ವರೆಗೆ ಒಣಗಾಗಿ ಒಳಗೆ ಇರಿಸುತ್ತಾರೆ.

ನೀರೂ ಶತ್ರುವಾಗುವ ಕಾಲ

ಚಳಿಗಾಲದಲ್ಲಿ ಸಾಯುವ ಗಿಡಗಳೆಲ್ಲ ಚಳಿಯಿಂದಲೇ ಸಾಯುವುದಿಲ್ಲ. ಎಷ್ಟೋ ಗಿಡಗಳು ನೀರಿನಿಂದ ಕೊಳೆತು ಸಾಯುತ್ತವೆ. ನಮ್ಮಲ್ಲಿ ಆಟಿಯ ಮಳೆಯಲ್ಲಿ ಬಾಳೆ ಸೊಂಪಾಗಿ ಬೆಳೆಯುವುದಲ್ಲವೇ ಎಂದು ಕೇಳಬಹುದು. ನಮ್ಮ ಮಳೆ ಬೆಚ್ಚಗಿನ ಮಳೆ. ಬೇರು ಎಚ್ಚರವಾಗಿದ್ದು ನೀರನ್ನು ಕುಡಿಯುತ್ತಿರುತ್ತದೆ. ಅಲ್ಲಿನ ಚಳಿಗಾಲದಲ್ಲಿ ಬೇರು ಮಲಗಿರುತ್ತದೆ. ಮಲಗಿದವನ ಬಾಯಿಗೆ ನೀರು ಹೊಯ್ದರೆ ಏನಾದೀತು? ಆದುದರಿಂದ ಒಳಗಿಟ್ಟ ಕುಂಡಗಳಿಗೆ ಅಪರೂಪಕ್ಕೊಮ್ಮೆ ಸ್ವಲ್ಪ ನೀರು ಸಾಕು. ಹೊರಗಿನ ಹೊದಿಕೆಯ ತುದಿ ಮುಚ್ಚಿರಬೇಕು, ಬದಿಗಳಲ್ಲಿ ಗಾಳಿಯಾಡಬೇಕು. ಪ್ಲಾಸ್ಟಿಕ್ ಹಾಳೆಯನ್ನು ಗಿಡಕ್ಕೆ ತಾಗುವಂತೆ ಸುತ್ತಿದರೆ ಒಳಗೆ ಬೆವರು ಹನಿಗಟ್ಟಿ ಕೊಳೆ ಹತ್ತುತ್ತದೆ. ಗಾಳಿಯಾಡುವ ಗೋಣಿ, ಒಣಹುಲ್ಲುಗಳೇ ಮೇಲು. ಹುಲ್ಲಿನೊಳಗೆ ಸಿಕ್ಕಿಕೊಂಡ ಒಣ ಗಾಳಿಯೇ ನಿಜವಾದ ಕಂಬಳಿ. ಹುಲ್ಲು ನೆನೆದರೆ ಕಂಬಳಿಯೂ ಇಲ್ಲ, ಗಿಡವೂ ಇಲ್ಲ.

ಎಬ್ಬಿಸುವ ಕಾಲ

ಮಲಗಿಸುವುದಕ್ಕಿಂತ ಎಬ್ಬಿಸುವುದು ಕಷ್ಟ. ಏಪ್ರಿಲಿನಲ್ಲಿ ನಾಲ್ಕು ದಿನ ಬಿಸಿಲು ಕಾಯಿತೆಂದು ಹೊದಿಕೆಯನ್ನೆಲ್ಲ ಕಿತ್ತೆಸೆದರೆ, ಹೊಸ ಚಿಗುರಿನ ಮೇಲೆ ಮತ್ತೆ ಮಂಜು ಬೀಳುವುದುಂಟು. ಜರ್ಮನಿ ಮುಂತಾದ ಕಡೆಗಳಲ್ಲಿ ಮೇ 11ರಿಂದ 15ರ ವರೆಗಿನ ದಿನಗಳನ್ನು ಕ್ರೈಸ್ತ ಸಂತರ ಹೆಸರಿನಿಂದ ಕರೆದು, ಆ ದಿನಗಳು ಕಳೆಯುವ ತನಕ ಕೋಮಲ ಗಿಡಗಳನ್ನು ಹೊರಗೆ ನೆಡಬಾರದೆಂದು ರೈತರು ಹೇಳುತ್ತಾರೆ. ನಮ್ಮ ಹಿರಿಯರು ಮಳೆನಕ್ಷತ್ರಗಳನ್ನು ಎಣಿಸುವಂತೆಯೇ ಇದೂ. ಇಂಗ್ಲೆಂಡಿನಲ್ಲಿಯೂ ಮೇ ತಿಂಗಳ ಕೊನೆಯ ಹೊತ್ತಿಗೆ, ಅಂದರೆ ನಮ್ಮಲ್ಲಿ ಪತ್ತನಾಜೆ ಬರುವ ಸುಮಾರಿಗೆ, ಕಾಬಾಳೆ ಮತ್ತು ಕೆಸುಗಳು ಹೊರಗಿನ ಮಣ್ಣು ಸೇರುತ್ತವೆ. ಅದಕ್ಕೆ ಮೊದಲು ಎರಡು ಮೂರು ವಾರ ಕುಂಡಗಳನ್ನು ಹಗಲು ಹೊರಗಿಟ್ಟು ರಾತ್ರಿ ಒಳಗೆ ತಂದು, ಬಿಸಿಲು ಗಾಳಿಗಳ ಅಭ್ಯಾಸ ಮಾಡಿಸುತ್ತಾರೆ.

ನಮ್ಮ ಮನೆಯ ವಿದ್ಯೆ

ಇಷ್ಟು ಓದಿದ ಮೇಲೆ ಇದೇನೋ ವಿದೇಶೀ ವಿದ್ಯೆ ಎಂದು ತಿಳಿಯಬೇಡಿ. ನಮ್ಮ ತೋಟಗಳಲ್ಲಿ ಶುಂಠಿಯನ್ನು ಅಗೆದ ಬಳಿಕ ಬಿತ್ತನೆಗೆಂದು ಒಳ್ಳೆಯ ಗೆಡ್ಡೆಗಳನ್ನು ಆರಿಸಿ, ನೆರಳಿನಲ್ಲಿ ಗುಂಡಿ ತೋಡಿ, ಮರಳು ಅಥವಾ ಮರದ ಹೊಟ್ಟಿನ ನಡುವೆ ಪದರ ಪದರವಾಗಿ ಇಟ್ಟು, ಗಾಳಿಯಾಡುವಂತೆ ಮುಚ್ಚುತ್ತಾರೆ. ಆಗಾಗ ತೆರೆದು ಕೊಳೆತದ್ದನ್ನು ತೆಗೆದುಹಾಕುತ್ತಾರೆ. ಮೊದಲ ಮಳೆ ಬೀಳುವಾಗ ಅದು ನೆಲಕ್ಕೆ ಸೇರುತ್ತದೆ. ಇಂಗ್ಲೆಂಡಿನ ಕಾಬಾಳೆಯ ಪೆಟ್ಟಿಗೆಗೂ ನಮ್ಮ ಶುಂಠಿಯ ಗುಂಡಿಗೂ ವ್ಯತ್ಯಾಸವೇನು? ಅಲ್ಲಿ ಚಳಿಯನ್ನು ದಾಟಿಸುತ್ತಾರೆ, ಇಲ್ಲಿ ಬೇಸಗೆಯನ್ನು ದಾಟಿಸುತ್ತೇವೆ. ಘಟ್ಟದ ಕಲ್ಲುಬಾಳೆ ಯಾರ ಸಹಾಯವೂ ಇಲ್ಲದೆ ಇದನ್ನೇ ಮಾಡುತ್ತದೆ: ಬೇಸಗೆಯಲ್ಲಿ ಎಲೆಗಳನ್ನೆಲ್ಲ ಕಳೆದುಕೊಂಡು ಬಂಡೆಯ ಸಂದಿನಲ್ಲಿ ಬುಡ ಮಾತ್ರವಾಗಿ ಉಳಿದು, ಮಳೆಗೆ ಪುನಃ ಚಿಗುರುತ್ತದೆ.

ಹಾಗೆಯೇ ಅಡಿಕೆಮರದ ಕಾಂಡಕ್ಕೆ ಪಡುವಣ ಬಿಸಿಲು ಬಡಿಯದಂತೆ ಸೋಗೆ ಕಟ್ಟುವುದು, ಮಳೆಗಾಲದಲ್ಲಿ ಕೊಳೆರೋಗ ಬಾರದಂತೆ ಗೊನೆಗೆ ಕೊಟ್ಟೆ ಕಟ್ಟುವುದು ಇವೂ ಹೊದೆಸುವ ವಿದ್ಯೆಗಳೇ. ಋತು ಯಾವುದಾದರೂ ಇರಲಿ, ಬಲ್ಲ ಕೃಷಿಕನು ಕೇಳುವ ಪ್ರಶ್ನೆ ಒಂದೇ: ಈ ಗಿಡದ ಜೀವ ಎಲ್ಲಿದೆ? ಅದನ್ನು ತಿಳಿದು ಅಷ್ಟನ್ನು ಬಿಗಿಯಾಗಿ ಕಾಯುತ್ತಾನೆ. ಎಲೆ ಹೋಯಿತೆಂದು ಅಳುವುದಿಲ್ಲ.

ಮಾಡಿ ನೋಡಿರಿ

1. ಒಂದೇ ಚಿಪ್ಪಿನ ಎರಡು ಬಾಳೆಹಣ್ಣುಗಳಲ್ಲಿ ಒಂದನ್ನು ಫ್ರಿಜ್ಜಿನಲ್ಲಿಯೂ ಇನ್ನೊಂದನ್ನು ಹೊರಗೂ ಇಟ್ಟು ನಾಲ್ಕು ದಿನ ಸಿಪ್ಪೆಯ ಬಣ್ಣವನ್ನು ಬರೆದಿಡಿರಿ.

2. ಹಿರಿಯರನ್ನು ಕೇಳಿ, ಬೇಡವಾದ ಒಂದು ಬಾಳೆ ಕಂದನ್ನು ಅಡ್ಡಲಾಗಿ ಕತ್ತರಿಸಿರಿ. ಮರುದಿನ ನಡುವಿನ ಸುಳಿ ಎಷ್ಟು ಮೇಲೆ ಬಂದಿದೆ ಎಂದು ಅಳೆಯಿರಿ. ಅದು ಎಲ್ಲಿಂದ ಬಂತು? ಉತ್ತರವನ್ನು ಎರಡು ವಾಕ್ಯಗಳಲ್ಲಿ ಬರೆಯಿರಿ.

3. ನಿಮ್ಮ ಮನೆಯಲ್ಲಿ ಶುಂಠಿ, ಅರಸಿನ, ಸುವರ್ಣಗೆಡ್ಡೆಗಳ ಬಿತ್ತನೆಯನ್ನು ಹೇಗೆ ಕಾಯ್ದಿಡುತ್ತಾರೆಂದು ಅಜ್ಜ ಅಜ್ಜಿಯರನ್ನು ಕೇಳಿ ಬರೆದು ತನ್ನಿರಿ.

4. ಸುಳಿ, ಕಂದು, ಗೆಡ್ಡೆ, ಸೋಗೆ, ಮಡಲು: ಈ ಶಬ್ದಗಳಿಗೆ ತುಳು, ಮಲಯಾಳ, ಕೊಂಕಣಿ, ಮರಾಟಿ ಮನೆಮಾತಿನ ನಿಮ್ಮ ಗೆಳೆಯರು ಏನೆನ್ನುತ್ತಾರೆ? ಒಂದು ಪಟ್ಟಿ ಮಾಡಿರಿ.